ದಂತದ ಕೀಲಿನಿಂದ ರೋಬೋಟಿನವರೆಗೆ

ಪಿಂಚಣಿದಾರರ ಊರೆಂದು ಹೆಸರಾದ ಮೈಸೂರಿನಲ್ಲಿ ಮಂಡಿನೋವು ಮನೆಮನೆಯ ಮಾತು. ವಿದ್ಯಾರಣ್ಯಪುರಂನಂಥ ಬಡಾವಣೆಯಲ್ಲಿ ಒಂದು ಕಾಲಕ್ಕೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದವರೇ ಅರವತ್ತೈದು ದಾಟಿದ ಮೇಲೆ ಮಹಡಿ ಹತ್ತಲು ಗೋಡೆ ಹಿಡಿಯುತ್ತಾರೆ. "ಪೂರ್ತಿ ಸವೆದಿದೆ, ಬದಲಾಯಿಸಬೇಕು" ಎಂದು ಡಾಕ್ಟರು ಹೇಳಿದ ಮೇಲೆ ಈಗ ಇನ್ನೊಂದು ಪ್ರಶ್ನೆ ಏಳುತ್ತದೆ: ಮಾಮೂಲಿ ಆಪರೇಷನ್ನೋ, ರೋಬೋಟ್ ಆಪರೇಷನ್ನೋ? ಉತ್ತರ ಬೇಕಾದವರು ಈ ವಿದ್ಯೆ ನಡೆದುಬಂದ ದಾರಿಯನ್ನು ನೋಡಬೇಕು. ಕೃತಕ ಕೀಲಿನ ಗುಣ ಆಪರೇಷನ್ ಆದ ವಾರದಲ್ಲಿ ತಿಳಿಯುವುದಿಲ್ಲ. ಅದರ ಮೇಲೆ ಹತ್ತು ಹದಿನೈದು ವರ್ಷ ನಡೆದಾಗ ತಿಳಿಯುತ್ತದೆ.

ಸವೆಯದ ವಸ್ತುವಿಗಾಗಿ ಹುಡುಕಾಟ

1890ರಲ್ಲಿ ಬರ್ಲಿನ್ನಿನ ಥೆಮಿಸ್ಟೊಕ್ಲಿಸ್ ಗ್ಲುಕ್ ಕ್ಷಯದಿಂದ ಹಾಳಾದ ಮಂಡಿಗೆ ಆನೆದಂತದ ಕೀಲು ಕೂರಿಸಿದರು. ಸೋಂಕಿನಿಂದ ಆ ಪ್ರಯತ್ನ ಉಳಿಯಲಿಲ್ಲ. 1923ರಲ್ಲಿ ಬಾಸ್ಟನ್ನಿನ ಸ್ಮಿತ್-ಪೀಟರ್ಸನ್ ಸೊಂಟದ ಕೀಲಿಗೆ ಗಾಜಿನ ಬಟ್ಟಲು ತೊಡಿಸಿದರು. ಗಾಜು ಒಡೆಯಿತು, 1938ರ ಹೊತ್ತಿಗೆ ಅವರು ಕೋಬಾಲ್ಟ್-ಕ್ರೋಮಿಯಂ ಮಿಶ್ರಲೋಹಕ್ಕೆ ಬಂದರು.

ಗಟ್ಟಿ ಅಡಿಪಾಯ ಹಾಕಿದವರು ಇಂಗ್ಲೆಂಡಿನ ಜಾನ್ ಚಾರ್ನ್ಲಿ. ಅವರ ಮೊದಲ ಆಯ್ಕೆ ಟೆಫ್ಲಾನ್. ಅದು ಕೆಲವೇ ವರ್ಷಗಳಲ್ಲಿ ಸವೆದು, ರೋಗಿಗಳನ್ನು ಮತ್ತೆ ಆಪರೇಷನ್ ಟೇಬಲ್ಲಿಗೆ ತಂದಿತು. 1962ರ ನವೆಂಬರಿನಲ್ಲಿ ಅವರು ಪಾಲಿಎಥಿಲೀನ್ ಬಟ್ಟಲಿನೊಳಗೆ ಚಿಕ್ಕ ಲೋಹದ ಗುಂಡು ಕೂರಿಸಿ, ಎರಡನ್ನೂ ಮೂಳೆಗೆ ಸಿಮೆಂಟಿನಿಂದ ಅಂಟಿಸಿದರು. ಇಂದಿನ ಸೊಂಟದ ಕೀಲು ಅದೇ ವಂಶದ್ದು.

ಮಂಡಿ ಇನ್ನೂ ಕಠಿಣ. ಅದು ಬಾಗಿಲ ತಿರುಗಣಿಯ ಹಾಗೆ ಮಡಚುವುದಷ್ಟೇ ಅಲ್ಲ. ಉರುಳುತ್ತದೆ, ಜಾರುತ್ತದೆ, ತುಸು ತಿರುಗುತ್ತದೆ. 1968ರಲ್ಲಿ ಫ್ರಾಂಕ್ ಗನ್‌ಸ್ಟನ್ ಈ ಚಲನೆಯನ್ನು ಅನುಸರಿಸುವ ಮಂಡಿ ರೂಪಿಸಿದರು. 1974ರಲ್ಲಿ ನ್ಯೂಯಾರ್ಕಿನ ಜಾನ್ ಇನ್ಸಾಲ್ ಮತ್ತು ಸಂಗಡಿಗರು ಬಳಸಿದ 'ಟೋಟಲ್ ಕಾಂಡೈಲರ್' ಮಾದರಿಯೇ ಈಗಿನ ಮಂಡಿಗಳ ಮೂಲ.

ಆಮೇಲೂ ಎಡವಟ್ಟುಗಳು ನಿಲ್ಲಲಿಲ್ಲ. ಲೋಹಕ್ಕೆ ಲೋಹ ಉಜ್ಜುವ ಎಎಸ್ಆರ್ ಎಂಬ ಸೊಂಟದ ಕೀಲು ಹೊಸ ತಂತ್ರಜ್ಞಾನವೆಂದು ಬಂತು. 2010ರಲ್ಲಿ ತಯಾರಕ ಕಂಪನಿ ಅದನ್ನು ಜಗತ್ತಿನಾದ್ಯಂತ ಹಿಂದಕ್ಕೆ ಪಡೆಯಿತು. ಅದನ್ನು ಹಾಕಿಸಿಕೊಂಡವರಲ್ಲಿ ಭಾರತದ ರೋಗಿಗಳೂ ಇದ್ದರು.

ಕೋನದ ಲೆಕ್ಕ

ವಸ್ತು ಸುಧಾರಿಸಿದ ಮೇಲೆ ಉಳಿದದ್ದು ಕೂರಿಸುವ ಕೌಶಲ. ಸೊಂಟ, ಮಂಡಿ, ಪಾದದ ಕೀಲು ಒಂದು ರೇಖೆಗೆ ಬರಬೇಕು. ಮೂರು ಡಿಗ್ರಿಗಿಂತ ಹೆಚ್ಚು ಓರೆಯಾಗಬಾರದೆಂಬುದು ಬಹುಕಾಲದ ನಿಯಮ. ಜೊತೆಗೆ ಕಾಲು ಚಾಚಿದಾಗಲೂ ಮಡಚಿದಾಗಲೂ ಎರಡೂ ಬದಿಯ ಲಿಗಮೆಂಟುಗಳ ಬಿಗಿ ಸಮವಾಗಿರಬೇಕು. ನಮ್ಮಲ್ಲಿ ಅನೇಕರು ಕಾಲು ಬಿಲ್ಲಿನಂತೆ ಬಾಗುವವರೆಗೂ ಆಸ್ಪತ್ರೆಗೆ ಹೋಗದಿರುವುದರಿಂದ ಈ ಲೆಕ್ಕ ಇನ್ನಷ್ಟು ಕಷ್ಟ. ಮಾಮೂಲಿ ವಿಧಾನದಲ್ಲಿ ತೊಡೆಮೂಳೆಯೊಳಗೆ ಸರಳು ತೂರಿಸಿ, ಅದರ ಆಧಾರದಲ್ಲಿ ಕತ್ತರಿಸುವ ಕೋನ ನಿಶ್ಚಯಿಸುತ್ತಾರೆ. 1997ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಮಂಡಿ ಬದಲಾವಣೆಗೆ ಕಂಪ್ಯೂಟರ್ ನ್ಯಾವಿಗೇಷನ್ ಬಂತು. ಅದು ಕೋನವನ್ನು ತೋರಿಸುತ್ತಿತ್ತು, ಗರಗಸವನ್ನು ಹಿಡಿಯುತ್ತಿರಲಿಲ್ಲ.

ರೋಬೋಟಿನ ಎರಡು ತಲೆಮಾರು

ಗರಗಸಕ್ಕೆ ಕೈಹಾಕಿದ್ದು ರೋಬೋಟ್. ಅಮೆರಿಕದ ಮೂಳೆ ಶಸ್ತ್ರವೈದ್ಯ ವಿಲಿಯಂ ಬಾರ್ಗರ್ ಮತ್ತು ಪಶುವೈದ್ಯ ಹೊವರ್ಡ್ ಪಾಲ್ ಅವರು ಐಬಿಎಂ ನೆರವಿನಿಂದ ರೋಬೊಡಾಕ್ ಕಟ್ಟಿದರು. ಮೊದಲು ನಾಯಿಗಳ ಸೊಂಟದಲ್ಲಿ ಪರೀಕ್ಷೆಯಾಗಿ, 1992ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮನುಷ್ಯರಿಗೆ ಬಳಕೆಯಾಯಿತು. ಯೋಜನೆ ತುಂಬಿಕೊಟ್ಟರೆ ಈ ಯಂತ್ರ ತಾನೇ ಮೂಳೆ ಕೊರೆಯುತ್ತಿತ್ತು. ಜರ್ಮನಿ ಅದನ್ನು ಉತ್ಸಾಹದಿಂದ ಬರಮಾಡಿಕೊಂಡಿತು. ಸ್ನಾಯುಗಳಿಗೆ ಹಾನಿಯಾಯಿತೆಂಬ ದೂರುಗಳು ಕೋರ್ಟು ಮುಟ್ಟಿದ ಮೇಲೆ ಅಲ್ಲಿ ಬಳಕೆ ನಿಂತುಹೋಯಿತು.

ಎರಡನೆಯ ತಲೆಮಾರು ಹಿಡಿತವನ್ನು ವೈದ್ಯರ ಕೈಗೆ ಮರಳಿಸಿತು. ಫ್ಲಾರಿಡಾದ ಮಾಕೊ ಎಂಬ ಯಂತ್ರ 2006ರಲ್ಲಿ ಅರ್ಧ ಮಂಡಿಯ ಬದಲಾವಣೆಯಿಂದ ಆರಂಭಿಸಿ, ಸೊಂಟಕ್ಕೂ ಪೂರ್ಣ ಮಂಡಿಗೂ ಬಂತು. ಮೊದಲೇ ತೆಗೆದ ಸಿ.ಟಿ. ಸ್ಕ್ಯಾನಿನಿಂದ ಮೂಳೆಯ ಮೂರು ಆಯಾಮದ ಚಿತ್ರ ಸಿದ್ಧವಾಗುತ್ತದೆ. ತೊಡೆಮೂಳೆಗೂ ಮಂಡಿಯ ಕೆಳಗಿನ ಮೂಳೆಗೂ ಪಿನ್ನು ಚುಚ್ಚಿ ಗುರುತುಫಲಕ ಕಟ್ಟುತ್ತಾರೆ; ಕ್ಯಾಮೆರಾ ಅವನ್ನು ಹಿಂಬಾಲಿಸುತ್ತದೆ. ಗರಗಸ ನಡೆಸುವುದು ವೈದ್ಯರೇ. ಗೊತ್ತುಪಡಿಸಿದ ಗಡಿ ದಾಟದಂತೆ ಯಂತ್ರದ ತೋಳು ತಡೆಯುತ್ತದೆ. ರೋಸಾ ಎಂಬ ಇನ್ನೊಂದು ಯಂತ್ರ ಕತ್ತರಿಸುವ ಅಚ್ಚನ್ನು ಸರಿಯಾದ ಜಾಗದಲ್ಲಿ ಹಿಡಿದು ನಿಲ್ಲುತ್ತದೆ. ಕೋರಿ ಎಂಬುದು ಕೈಯಲ್ಲಿ ಹಿಡಿಯುವ ಉಪಕರಣ, ಸಿ.ಟಿ. ಬೇಡದೆ ಕೆಲಸ ಮಾಡುತ್ತದೆ. ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಿಗೆ ಬಂದ ಇಂಥ ಯಂತ್ರಗಳು ಈಗ ಮೈಸೂರಿನ ಖಾಸಗಿ ಆಸ್ಪತ್ರೆಗಳಿಗೂ ಕಾಲಿಟ್ಟಿವೆ.

ಇದುವರೆಗಿನ ಫಲ

ರೋಬೋಟ್ ಅಳತೆಯಲ್ಲಿ ನಿಖರ. ಕೋನ ತಪ್ಪುವ ಪ್ರಕರಣಗಳನ್ನು ಕಡಿಮೆ ಮಾಡುತ್ತದೆ ಎಂಬುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಸೊಂಟದಲ್ಲಿ ಬಟ್ಟಲಿನ ಓರೆ ಮತ್ತು ಕಾಲಿನ ಉದ್ದ ಸರಿಹೊಂದಿಸಲು ಅದು ನೆರವಾಗುತ್ತದೆ. ಆದರೆ ನಿಖರವಾದ ಕೋನವೆಲ್ಲ ನೋವಿಲ್ಲದ ನಡಿಗೆಯಾಗಿ ಫಲಿಸುತ್ತದೆಯೆ? ದಕ್ಷಿಣ ಕೊರಿಯಾದಲ್ಲಿ ರೋಬೊಡಾಕ್ ಮಂಡಿಗಳನ್ನು ಮಾಮೂಲಿ ಮಂಡಿಗಳೊಂದಿಗೆ ಕನಿಷ್ಠ ಹತ್ತು ವರ್ಷ ಹೋಲಿಸಿ ನೋಡಿದ, 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಚಲನೆಯಲ್ಲಾಗಲಿ ಬಾಳಿಕೆಯಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಈಗಿನ ಯಂತ್ರಗಳು ರೋಬೊಡಾಕ್‌ಗಿಂತ ಭಿನ್ನ, ನಿಜ. ಆದರೆ ಅವುಗಳ ದೀರ್ಘಕಾಲದ ಫಲ ಇನ್ನೂ ಬರಬೇಕಿದೆ. ಅತ್ತ ಹಳೆಯ ವಿಧಾನವೂ ಕಳಪೆಯಲ್ಲ: 2019ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ ಬದಲಿಸಿದ ಪೂರ್ಣ ಮಂಡಿಗಳಲ್ಲಿ ಸುಮಾರು ಶೇಕಡಾ 82ರಷ್ಟು 25 ವರ್ಷ ಬಾಳುತ್ತವೆ, ಸೊಂಟದಲ್ಲಿ ಆ ಪ್ರಮಾಣ ಸುಮಾರು ಶೇಕಡಾ 58.

ಖರ್ಚು ಮತ್ತು ಹೊಣೆ

2017ರ ಆಗಸ್ಟಿನಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಮಂಡಿ ಕೀಲಿಗೆ ಗರಿಷ್ಠ ಬೆಲೆ ಗೊತ್ತುಮಾಡಿತು. ಆಗ ಸಾಮಾನ್ಯ ಕೋಬಾಲ್ಟ್-ಕ್ರೋಮಿಯಂ ಕೀಲಿಗೆ ಅದು ತೆರಿಗೆ ಬಿಟ್ಟು 54,720 ರೂಪಾಯಿ ಆಗಿತ್ತು. ಆ ಮಿತಿ ಕೀಲಿಗೆ ಮಾತ್ರ, ರೋಬೋಟ್ ಬಳಕೆಯ ಶುಲ್ಕಕ್ಕೆ ಅನ್ವಯಿಸದು. ರೋಬೋಟ್ ಶಸ್ತ್ರಚಿಕಿತ್ಸೆಯನ್ನು ವಿಮೆಯಿಂದ ಹೊರಗಿಡಬಾರದೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಹೇಳಿತು. ಆದರೂ ಪಾಲಿಸಿಗಳು ಮೊತ್ತಕ್ಕೆ ಮಿತಿ ಹಾಕಬಹುದು.

ಇನ್ನು ಹೊಣೆಯ ಮಾತು. ಸ್ವೀಡನ್ 1975ರಿಂದ ಮಂಡಿ ಬದಲಾವಣೆಗಳ ದಾಖಲೆ ಇಟ್ಟಿದೆ. ಎಎಸ್ಆರ್ ಕೀಲಿನ ದೋಷವನ್ನು ಮೊದಲೇ ಹಿಡಿದದ್ದು ಆಸ್ಟ್ರೇಲಿಯಾದ ಇಂಥದೇ ದಾಖಲೆ. ನಮ್ಮಲ್ಲೂ ಪ್ರತಿ ಕೀಲು ಬದಲಾವಣೆಯ ನೋಂದಣಿ ಕಡ್ಡಾಯವಾಗಬೇಕು. ಮೈಸೂರಿನ ಸರ್ಕಾರಿ ಕೆ.ಆರ್. ಆಸ್ಪತ್ರೆಯಿಂದ ಹಿಡಿದು ಖಾಸಗಿ ಆಸ್ಪತ್ರೆಯವರೆಗೆ ಯಾರ ಕೈಯಲ್ಲಿ, ಯಾವ ವಿಧಾನದಲ್ಲಿ, ಯಾವ ಕೀಲು ಎಷ್ಟು ಬಾಳಿತೆಂಬುದು ಸಾರ್ವಜನಿಕರಿಗೆ ತಿಳಿಯಬೇಕು.

ಅಲ್ಲಿಯವರೆಗೆ ಓದುಗರಿಗೆ ನನ್ನ ಮಾತು ಇಷ್ಟು: ಯಂತ್ರಕ್ಕಿಂತ ಮೊದಲು ವೈದ್ಯರನ್ನು ಆರಿಸಿ. ಅವರು ವರ್ಷಕ್ಕೆ ಎಷ್ಟು ಮಂಡಿ ಮಾಡುತ್ತಾರೆ, ನಿಮ್ಮ ಕಾಲಿಗೆ ರೋಬೋಟಿನಿಂದ ಏನು ಲಾಭ, ಎಷ್ಟು ಹೆಚ್ಚು ಖರ್ಚು ಎಂದು ಸಂಕೋಚವಿಲ್ಲದೆ ಕೇಳಿ. ಆಪರೇಷನ್ ಆದ ಮೇಲೆ ಫಿಸಿಯೋಥೆರಪಿ ತಪ್ಪಿಸಬೇಡಿ. ಮನೆಗೆ ಹೊರಡುವ ಮುನ್ನ ಕೀಲಿನ ಹೆಸರು, ಸಂಖ್ಯೆ ಇರುವ ಚೀಟಿಯನ್ನು ಕೇಳಿ ಪಡೆದು ಜೋಪಾನವಾಗಿಡಿ.