ಭಾರತದ ಅತಿ ಹಳೆಯ ಕಟ್ಟಡಗಳು: ಪ್ರದೇಶವಾರು ಇತಿಹಾಸ

ಭಾರತದ ಬೇರೆ ಬೇರೆ ಪ್ರದೇಶಗಳಲ್ಲಿ ಉಳಿದುಬಂದಿರುವ ಅತಿ ಹಳೆಯ ಕಟ್ಟಡಗಳ ವಯಸ್ಸು ಒಂದೇ ತೆರನಾಗಿಲ್ಲ. ಬಿಹಾರದಲ್ಲಿ ಕ್ರಿ.ಪೂ. 3ನೆಯ ಶತಮಾನದ ಕೋಣೆಯೊಳಗೆ ಇಂದಿಗೂ ನಡೆದುಹೋಗಬಹುದು. ಬ್ರಹ್ಮಪುತ್ರ ಕಣಿವೆಯಲ್ಲಿ ನಿಂತಿರುವ ಹಳೆಯ ಗುಡಿಗಳಲ್ಲಿ ಹೆಚ್ಚಿನವು 16ನೆಯ ಶತಮಾನದಿಂದ ಈಚಿನವು. ಹಾಗೆಂದು ಒಂದು ಕಡೆಯವರು ಬೇಗ ಕಟ್ಟಲು ಕಲಿತರು, ಇನ್ನೊಂದು ಕಡೆಯವರು ತಡವಾಗಿ ಕಲಿತರು ಎಂದು ತಿಳಿಯಲಾಗದು. ಯಾವುದು ಉಳಿಯಿತು ಎಂಬುದನ್ನು ನಿರ್ಧರಿಸಿದ್ದು ಕಟ್ಟಿದ ಕಾಲಕ್ಕಿಂತ ಹೆಚ್ಚಾಗಿ ಕೈಗೆ ಸಿಕ್ಕ ವಸ್ತು, ಸುರಿಯುವ ಮಳೆ, ನಡುಗುವ ನೆಲ ಮತ್ತು ಆಮೇಲೆ ಬಂದವರು ಮಾಡಿಸಿದ ಜೀರ್ಣೋದ್ಧಾರ. ಧೋಲಾವೀರಾ, ಲೋಥಲ್‌ಗಳಂಥ ಸಿಂಧೂ ನಾಗರಿಕತೆಯ ನೆಲೆಗಳು ಇವೆಲ್ಲಕ್ಕಿಂತ ಹಳೆಯವಾದರೂ ಅಲ್ಲಿರುವುದು ಉತ್ಖನನದಿಂದ ಹೊರಬಿದ್ದ ತಳಪಾಯ ಮತ್ತು ಮೋಟುಗೋಡೆ. ಹೀಗಾಗಿ ಅವನ್ನು ಇಲ್ಲಿ ಸೇರಿಸಿಲ್ಲ.

ಬಿಹಾರದ ಬರಾಬರ್ ಬೆಟ್ಟದ ಗುಹೆಗಳು ಕಟ್ಟಿದವಲ್ಲ, ಹೆಬ್ಬಂಡೆಯಲ್ಲಿ ಕೊರೆದವು. ಆದರೂ ದೇಶದಲ್ಲಿ ಕಾಲ ಖಚಿತವಾಗಿರುವ ಅತಿ ಹಳೆಯ ಒಳಾಂಗಣ ನೋಡಬೇಕೆಂದರೆ ಅಲ್ಲಿಗೇ ಹೋಗಬೇಕು. ಸುದಾಮ ಗುಹೆಯನ್ನು ಅಶೋಕ ತನ್ನ ಆಳ್ವಿಕೆಯ 12ನೆಯ ವರ್ಷದಲ್ಲಿ ಆಜೀವಿಕ ಸನ್ಯಾಸಿಗಳಿಗೆ ದಾನ ಕೊಟ್ಟನೆಂದು ಅಲ್ಲಿನ ಶಾಸನ ಹೇಳುತ್ತದೆ. ಗೋಡೆಗಳ ಹೊಳಪು ಇಂದಿಗೂ ಕನ್ನಡಿಯಂತಿದೆ. ಕೆಲವು ಶಾಸನಗಳಲ್ಲಿ ಆಜೀವಿಕರ ಹೆಸರನ್ನು ಯಾರೋ ಉಳಿಯಿಂದ ಕೆತ್ತಿ ಅಳಿಸಿದ್ದಾರೆ. ಪಂಥಗಳ ನಡುವಿನ ಹಳೆಯ ಜಗಳದ ಗುರುತು ಅದು. ಪಕ್ಕದ ಲೋಮಸ ಋಷಿ ಗುಹೆಯ ಒಳಗಿನ ಕೆಲಸ ಪೂರ್ತಿಯಾಗಿಲ್ಲ. ಅದರ ಬಾಗಿಲ ಮೇಲಿನ ಬಾಗಿದ ತೊಲೆಗಳು, ಜಾಲರಿ, ಚಾಚಿದ ಸೂರು ಎಲ್ಲವೂ ಮರದ ಕಟ್ಟಡವೊಂದರ ನಕಲು. ಆ ಕಾಲದ ಮರದ ಕಟ್ಟಡ ಒಂದೂ ಉಳಿದಿಲ್ಲ. ಅವು ಹೇಗಿದ್ದವೆಂಬುದಕ್ಕೆ ಈ ಕಲ್ಲಿನ ನಕಲೇ ಮುಖ್ಯ ಸಾಕ್ಷಿ.

ಮಧ್ಯಪ್ರದೇಶದ ಸಾಂಚಿಯ ಮಹಾಸ್ತೂಪದ ಒಡಲಲ್ಲಿ ಅಶೋಕನ ಕಾಲದ ಇಟ್ಟಿಗೆಯ ಸ್ತೂಪವಿದೆ. ಕಣ್ಣಿಗೆ ಕಾಣುವ ಕಲ್ಲಿನ ಹೊದಿಕೆ ಕ್ರಿ.ಪೂ. 2ನೆಯ ಶತಮಾನದ್ದು, ಸಾತವಾಹನರ ಕಾಲದ ತೋರಣಗಳು ಇನ್ನೂ ಒಂದು ಶತಮಾನ ಈಚಿನವು. 1818ರಲ್ಲಿ ಬ್ರಿಟಿಷ್ ಅಧಿಕಾರಿ ಟೇಲರ್ ಕಂಡಾಗ ಸ್ತೂಪ ಹೆಚ್ಚುಕಡಿಮೆ ಇಡಿಯಾಗಿತ್ತು. 1822ರಲ್ಲಿ ಮತ್ತೊಬ್ಬ ಅಧಿಕಾರಿ ಒಳಗೇನಿದೆಯೆಂದು ನೋಡಲು ಅದನ್ನು ಅಗೆಸಿ ಸೀಳುಬಿಡಿಸಿದ. ಇಂದು ಪ್ರವಾಸಿಗರು ನೋಡುವ ರೂಪ 1912ರಿಂದ 1919ರವರೆಗೆ ಜಾನ್ ಮಾರ್ಷಲ್ ಮಾಡಿಸಿದ ದುರಸ್ತಿಯ ಫಲ. ಒಂದೇ ಕಟ್ಟಡಕ್ಕೆ ನಾಲ್ಕು ಜನ್ಮತಾರೀಖುಗಳಿರುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗಲಾರದು. ಅದೇ ಬೆಟ್ಟದ ಮೇಲೆ ಚಪ್ಪಟೆ ಛಾವಣಿಯ ಒಂದು ಪುಟ್ಟ ಗುಡಿಯಿದೆ. 17ನೆಯ ಸಂಖ್ಯೆಯ ದೇವಾಲಯವೆಂದು ಕರೆಯಲಾಗುವ ಇದು ಗುಪ್ತರ ಕಾಲದ, 5ನೆಯ ಶತಮಾನದ ಆರಂಭದ ರಚನೆ. ಜನ ಸ್ತೂಪ ನೋಡಿ ಇದನ್ನು ದಾಟಿ ಹೋಗುವುದೇ ಹೆಚ್ಚು. ಆದರೆ ಗರ್ಭಗುಡಿ ಮತ್ತು ಮುಂದೊಂದು ಕಂಬದ ಮಂಟಪವೆಂಬ, ಮುಂದೆ ದೇಶವಿಡೀ ಹಬ್ಬಿದ ವಿನ್ಯಾಸ ಇಲ್ಲಿ ಕಲ್ಲಿನಲ್ಲಿ ಪೂರ್ತಿಯಾಗಿ ಉಳಿದಿದೆ.

ಗಂಗಾ ಬಯಲಿನಲ್ಲಿ ಕಲ್ಲು ದುರ್ಲಭ, ಮೆಕ್ಕಲುಮಣ್ಣು ಯಥೇಚ್ಛ. ಕಾನ್ಪುರದ ಬಳಿಯ ಭೀತರಗಾಂವ್‌ನಲ್ಲಿರುವ 5ನೆಯ ಶತಮಾನದ ಇಟ್ಟಿಗೆ ಗುಡಿ ಶಿಖರಸಹಿತ ಉಳಿದಿರುವ ಅಪರೂಪದ ಆರಂಭಿಕ ದೇವಾಲಯಗಳಲ್ಲೊಂದು. ಅಂಥ ಇಟ್ಟಿಗೆ ಕಟ್ಟಡಗಳನ್ನು ಊರವರು ಮನೆ ಕಟ್ಟಲು ಬಿಚ್ಚಿಕೊಂಡು ಹೋಗುವುದು ಎಲ್ಲ ಕಡೆ ನಡೆದ ಮಾತು. ಬಯಲಿನಲ್ಲಿ ಹಳೆಯ ಗುಡಿಗಳು ವಿರಳವಾಗಿರಲು ಅದೂ ಒಂದು ಕಾರಣ. ಬಿಹಾರದ ಕೈಮೂರ್ ಬೆಟ್ಟದ ಮುಂಡೇಶ್ವರಿ ದೇವಾಲಯದಲ್ಲಿ ಪೂಜೆ ಇಂದಿಗೂ ನಡೆಯುತ್ತಿದೆ. ದೇಶದ ಅತಿ ಹಳೆಯ ಜೀವಂತ ಗುಡಿ ಇದೇ, ಇದು ಕ್ರಿ.ಶ. 108ರದು ಎಂಬ ಪ್ರಚಾರವಿದೆ. ಹಲವು ವಿದ್ವಾಂಸರು ಈ ಅಷ್ಟಕೋನ ಕಟ್ಟಡವನ್ನು 7ನೆಯ ಶತಮಾನಕ್ಕೆ ಸೇರಿಸುತ್ತಾರೆ. ಪ್ರವಾಸೋದ್ಯಮಕ್ಕೆ ಹಳೆಯ ಇಸವಿಯೇ ಪ್ರಿಯ. ಶೈಲಿ ನೋಡುವವರಿಗೆ ಎರಡನೆಯದೇ ಒಪ್ಪಿಗೆಯಾಗುತ್ತದೆ.

ಕರ್ನಾಟಕದಲ್ಲಿ ಶಾಸನಗಳು ಹೇಳುವ ಕಾಲಕ್ಕೂ ಕಟ್ಟಡಗಳು ತೋರುವ ಕಾಲಕ್ಕೂ ದೊಡ್ಡ ಅಂತರವಿದೆ. ಕಲಬುರಗಿ ಜಿಲ್ಲೆಯ ಸನ್ನತಿಯ ಬಳಿ, ಭೀಮಾ ತೀರದ ಕನಗನಹಳ್ಳಿಯಲ್ಲಿ, 1990ರ ದಶಕದ ಉತ್ಖನನದಲ್ಲಿ ಭಾರಿ ಸ್ತೂಪವೊಂದು ಸಿಕ್ಕಿತು. ಅಲ್ಲಿನ ಒಂದು ಕಲ್ಲಹಲಗೆಯಲ್ಲಿ ‘ರಾಯೊ ಅಸೋಕೊ’ ಎಂಬ ಬರಹದೊಂದಿಗೆ ಅಶೋಕನ ಚಿತ್ರವೇ ಇದೆ. ಆದರೆ ಸ್ತೂಪ ಕುಸಿದಿತ್ತು, ಹಲಗೆಗಳು ಬಿದ್ದಲ್ಲೇ ಬಿದ್ದಿದ್ದವು. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಥೆ ಇನ್ನೊಂದು ಬಗೆಯದು. ಅಲ್ಲಿನ 5ನೆಯ ಶತಮಾನದ ಕದಂಬ ಸ್ತಂಭಶಾಸನ, ಆ ಶಿವಾಲಯದಲ್ಲಿ ಹಿಂದೆ ಸಾತಕರ್ಣಿ ಮೊದಲಾದ ಅರಸರು ಪೂಜೆ ಸಲ್ಲಿಸಿದ್ದರೆಂದು ಹೇಳುತ್ತದೆ. ಶಾಸನವನ್ನು ನಂಬಿದರೆ ದೇವರ ನೆಲೆ ಸಾತವಾಹನರ ಕಾಲದ್ದು. ಆದರೆ ಇಂದಿನ ಪ್ರಣವೇಶ್ವರ ಗುಡಿಯ ಕಟ್ಟೋಣವೆಲ್ಲ ಅಷ್ಟು ಹಳೆಯದೆಂದು ಹೇಳಲು ಬರುವುದಿಲ್ಲ. ನೆಲೆಯ ವಯಸ್ಸನ್ನೇ ಗೋಡೆಯ ವಯಸ್ಸೆಂದು ಬರೆಯುವ ರೂಢಿ ನಮ್ಮ ಸ್ಥಳಪುರಾಣಗಳಲ್ಲಿ ಮಾತ್ರವಲ್ಲ, ಕೈಪಿಡಿಗಳಲ್ಲೂ ಇದೆ.

ಗಟ್ಟಿ ನೆಲ ಸಿಗುವುದು ಬಾದಾಮಿಯಲ್ಲಿ. ಮೂರನೆಯ ಗುಹೆಯನ್ನು ಮಂಗಳೇಶ ಶಕ 500ರಲ್ಲಿ, ಅಂದರೆ ಕ್ರಿ.ಶ. 578ರಲ್ಲಿ, ಪೂರೈಸಿದ್ದು ಶಾಸನದಿಂದ ಖಚಿತ. ಐಹೊಳೆಯ ಮೇಗುತಿ ಬಸದಿಗೆ ರವಿಕೀರ್ತಿಯ ಶಾಸನ ಶಕ 556, ಅಂದರೆ ಕ್ರಿ.ಶ. 634-35, ಎಂದು ತೇದಿ ಕೊಡುತ್ತದೆ. ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿ, ಕಾಲವನ್ನೂ ಬರೆದಿಟ್ಟ ಕಟ್ಟಡಗಳಲ್ಲಿ ಕನ್ನಡನಾಡಿಗೆ ಇದು ಮೈಲಿಗಲ್ಲು. ಅದೇ ಊರಿನ ಲಾಡಖಾನ್ ಗುಡಿ ಶಾಲಾಪುಸ್ತಕಗಳಲ್ಲಿ ಬಹುಕಾಲ 5ನೆಯ ಶತಮಾನದ್ದಾಗಿತ್ತು. ಇಳಿಜಾರು ಛಾವಣಿ, ಕಲ್ಲುಚಪ್ಪಡಿಗಳ ಸಂದು ಮುಚ್ಚಲು ಇಟ್ಟ ಮರದ ದಿಮ್ಮಿಯಂಥ ಉದ್ದಕಲ್ಲುಗಳು, ಒಟ್ಟಾರೆ ಒರಟು ನೋಟ, ಇವುಗಳಿಂದ ಹಿಂದಿನ ವಿದ್ವಾಂಸರು ಅದನ್ನು ತೀರ ಆರಂಭದ ಪ್ರಯೋಗವೆಂದು ಬಗೆದರು. ಈಗ ಹೆಚ್ಚಿನವರು ಅದನ್ನು 7ನೆಯ ಶತಮಾನದ ಕೊನೆಗೋ 8ನೆಯದಕ್ಕೋ ಇಳಿಸುತ್ತಾರೆ. ಸರಳವಾಗಿ ಕಾಣುವುದೆಲ್ಲ ಹಳೆಯದು ಎಂಬ ಎಣಿಕೆ ಐಹೊಳೆಯಲ್ಲಿ ಸುಳ್ಳಾಯಿತು. ಬರಾಬರ್‌ನಂತೆ ಇಲ್ಲೂ ಕಲ್ಲು ಮರವನ್ನು ಅನುಕರಿಸುತ್ತಿದೆ. ಮಲೆನಾಡಿನ ಮಾಡು ಕಂಡವರಿಗೆ ಲಾಡಖಾನ್ ಛಾವಣಿ ಹೊಸದೆನಿಸದು.

ಆಂಧ್ರದ ಚೇಜೆರ್ಲದಲ್ಲಿ ಕಪೋತೇಶ್ವರ ಗುಡಿಯಿದೆ. ಆನೆಯ ಬೆನ್ನಿನಾಕಾರದ ಈ ಇಟ್ಟಿಗೆ ಕಟ್ಟಡ ಮೂಲತಃ ಬೌದ್ಧ ಚೈತ್ಯವೆಂದು ವಿದ್ವಾಂಸರು ಗುರುತಿಸಿದ್ದಾರೆ. ದೇವರು ಬದಲಾದರೂ ಪೂಜೆ ನಿಲ್ಲದ್ದರಿಂದ ಛಾವಣಿ ಉಳಿಯಿತು. ತಮಿಳುನಾಡಿನಲ್ಲಿ ಪಲ್ಲವ ದೊರೆ ಒಂದನೆಯ ಮಹೇಂದ್ರವರ್ಮ 7ನೆಯ ಶತಮಾನದ ಆರಂಭದಲ್ಲಿ ಮಂಡಗಪಟ್ಟಿನಲ್ಲಿ ಬಂಡೆ ಕೊರೆಸಿ, ಇಟ್ಟಿಗೆ, ಮರ, ಲೋಹ, ಗಾರೆ ಯಾವುದೂ ಇಲ್ಲದೆ ಬ್ರಹ್ಮ, ಈಶ್ವರ, ವಿಷ್ಣುಗಳಿಗೆ ಮನೆ ಮಾಡಿಸಿದೆನೆಂದು ಶಾಸನದಲ್ಲಿ ಹೆಮ್ಮೆಪಟ್ಟ. ಅಂದರೆ ಅಲ್ಲಿಯವರೆಗಿನ ಗುಡಿಗಳು ಆ ನಾಲ್ಕರಿಂದಲೇ ಆಗಿದ್ದವು. ಅವುಗಳಲ್ಲೊಂದರ ಗುರುತು ಸಿಕ್ಕಿದ್ದು 2004ರ ಸುನಾಮಿಯ ನಂತರ. ಮಾಮಲ್ಲಪುರದ ಬಳಿಯ ಸಾಲುವನ್‌ಕುಪ್ಪಂನಲ್ಲಿ ಉತ್ಖನನ ನಡೆದಾಗ, ಪಲ್ಲವರ ಕಾಲದ ಮುರುಗನ ಗುಡಿಯ ಅಡಿಯಲ್ಲಿ ಅದಕ್ಕೂ ಹಿಂದಿನ ಇಟ್ಟಿಗೆ ಗುಡಿಯ ತಳ ಹೊರಬಂತು.

ಕೇರಳದ ಗುಡಿಯೊಂದನ್ನು ಕೆಳಗಿನಿಂದ ಮೇಲಕ್ಕೆ ನೋಡಿದರೆ ಕಾಲವೂ ಹಾಗೆಯೇ ಈಚೆಗೆ ಬರುತ್ತದೆ. ಶಾಸನ ಹೊತ್ತ ಕರಿಕಲ್ಲಿನ ಅಧಿಷ್ಠಾನ ಹಳೆಯದು, ಮುರಕಲ್ಲಿನ ಗೋಡೆ ಅದಕ್ಕಿಂತ ಹೊಸದು, ಮರದ ಮಾಡು ಎಷ್ಟು ಸಲ ಬದಲಾಯಿತೋ ಲೆಕ್ಕವಿಲ್ಲ. ಕೊಡುಂಗಲ್ಲೂರಿನ ಚೇರಮಾನ್ ಮಸೀದಿಯನ್ನು ಪರಂಪರೆ ಕ್ರಿ.ಶ. 629ಕ್ಕೆ ಒಯ್ಯುತ್ತದೆ, ಕಟ್ಟಡ ಬಹಳ ಈಚಿನದು. ಶಾಸನದ ತೇದಿಯುಳ್ಳ ಇಸ್ಲಾಮೀ ಕಟ್ಟಡಗಳಲ್ಲಿ ಅತಿ ಹಳೆಯದೆಂದು ಗುರುತಿಸಿರುವುದು ಕಚ್ಛದ ಭದ್ರೇಶ್ವರದ 1159-60ರ ಇಬ್ರಾಹಿಂ ದರ್ಗಾವನ್ನು. ದೆಹಲಿಯ ಕುವ್ವತುಲ್ ಇಸ್ಲಾಂ ಮಸೀದಿ ಅದಕ್ಕಿಂತ ಮೂರು ದಶಕ ಈಚಿನದು. ಅದರ ಕಂಬಗಳು ಮಾತ್ರ ಮಸೀದಿಗಿಂತ ಹಳೆಯವು, 27 ದೇವಾಲಯಗಳ ಸಾಮಗ್ರಿ ಬಳಸಿದ್ದಾಗಿ ಬಾಗಿಲ ಶಾಸನವೇ ಹೇಳುತ್ತದೆ. ಯುರೋಪಿಯನ್ನರು ಕಟ್ಟಿದ ಚರ್ಚುಗಳಲ್ಲಿ ಹಳೆಯದು ಕೊಚ್ಚಿಯ ಸೇಂಟ್ ಫ್ರಾನ್ಸಿಸ್. 1503ರಲ್ಲಿ ಮರದಲ್ಲಿ ಕಟ್ಟಿದ್ದನ್ನು 1516ರ ಹೊತ್ತಿಗೆ ಕಲ್ಲುಗಾರೆಗೆ ಬದಲಿಸಿದರು. ಗೋವಾದ ತಾಂಬಡಿ ಸುರ್ಲಾದ ಶಿವಾಲಯ ಕದಂಬರ ಕಾಲದ್ದು. ಪೋರ್ಚುಗೀಸರ ಕಾಲದಲ್ಲಿ ಅದು ಉಳಿದದ್ದು ಘಟ್ಟದ ದಟ್ಟ ಕಾಡಿನೊಳಗೆ ಇದ್ದುದರಿಂದ.

ಮರ ಉಳಿಯುವುದೇ ಇಲ್ಲ ಎನ್ನುವಂತಿಲ್ಲ. ಹಿಮಾಚಲದ ಭರ್ಮೌರ್‌ನಲ್ಲಿ 7ನೆಯ ಶತಮಾನದ ಲಕ್ಷಣಾದೇವಿ ಗುಡಿಯ ದೇವದಾರು ಕೆತ್ತನೆಗಳು ಇನ್ನೂ ಇವೆ. ಸ್ಪಿತಿಯ ತಾಬೊ ವಿಹಾರವಂತೂ ಬರಿಯ ಮಣ್ಣಿನದು. ಕ್ರಿ.ಶ. 996ರಲ್ಲಿ ಸ್ಥಾಪನೆಯಾದ ಅದು ಸಾವಿರ ವರ್ಷ ಬಾಳಿದ್ದಕ್ಕೆ ಅಲ್ಲಿನ ಮಳೆಯಿಲ್ಲದ ಚಳಿ ಮುಖ್ಯ ಕಾರಣ. 1975ರ ಕಿನ್ನೌರ್ ಭೂಕಂಪ ಅದಕ್ಕೂ ಪೆಟ್ಟು ಕೊಟ್ಟಿತು.

ಈಶಾನ್ಯದಲ್ಲಿ ಮಳೆಯೂ ಹೆಚ್ಚು, ಭೂಕಂಪವೂ ಹೆಚ್ಚು. ತೇಜ್‌ಪುರದ ಬಳಿಯ ದಾ ಪರ್ಬತಿಯಾದಲ್ಲಿ ಅಹೋಮರ ಕಾಲದ ಇಟ್ಟಿಗೆಯ ಶಿವಾಲಯವಿತ್ತು. 1897ರ ಮಹಾಭೂಕಂಪ ಅದನ್ನು ಉರುಳಿಸಿದಾಗ ಒಳಗೆ ಸೇರಿಹೋಗಿದ್ದ ಹಳೆಯ ಗುಡಿಯೊಂದರ ಕಲ್ಲಿನ ಬಾಗಿಲವಾಡ ಬಯಲಾಯಿತು. ಬುಡದಲ್ಲಿ ಗಂಗೆ ಯಮುನೆಯರಿರುವ ಅದು ಸುಮಾರು 6ನೆಯ ಶತಮಾನದ್ದು, ಅಸ್ಸಾಮಿನ ಅತಿ ಹಳೆಯ ಶಿಲ್ಪಗಳಲ್ಲೊಂದು. ಗುವಾಹಾಟಿಯ ಕಾಮಾಖ್ಯ ಕ್ಷೇತ್ರ ಪುರಾತನವಾದರೂ ಗುಡಿಯನ್ನು 1565ರಲ್ಲಿ ಕೋಚ್ ಅರಸರು ಮತ್ತೆ ಕಟ್ಟಿಸಿದರು. ಚರಾಯ್‌ದೇವ್‌ನಲ್ಲಿ ಅಹೋಮ್ ರಾಜರ ಸಮಾಧಿದಿಬ್ಬಗಳಾದ ಮೈದಾಮ್‌ಗಳಿವೆ. 2024ರಲ್ಲಿ ಇವು ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ದಿಬ್ಬದೊಳಗಿನ ಕೋಣೆಗಳನ್ನು 13ರಿಂದ 17ನೆಯ ಶತಮಾನದವರೆಗೆ ಮರದಿಂದ ಕಟ್ಟುತ್ತಿದ್ದರು. ಕಲ್ಲು ಮತ್ತು ಸುಟ್ಟ ಇಟ್ಟಿಗೆ ಬಂದದ್ದು 18ನೆಯ ಶತಮಾನದಲ್ಲಿ. ಶಿವಸಾಗರದಲ್ಲಿ ಇಂದು ನಿಂತಿರುವ ಇಟ್ಟಿಗೆಯ ರಂಗ್ ಘರ್ ಕೂಡ ಆ ಶತಮಾನದ್ದೇ.