ತೀನ್ ಕಂದೀಲಿನಿಂದ ಮೂರು ಫೇಜಿನವರೆಗೆ

ರಾಯಚೂರಿನ ಹಳೆಯ ಪೇಟೆಯಲ್ಲಿ ತೀನ್ ಕಂದೀಲ್ ಎಂಬ ವೃತ್ತವಿದೆ. ಹೊರಗಿನವರಿಗೆ ಅದೊಂದು ಗದ್ದಲದ ಚೌಕ. ತೀನ್ ಕಂದೀಲ್ ಎಂದರೆ ಮೂರು ಕಂದೀಲು. ಬಳೆಗೋ ಬಟ್ಟೆಗೋ ಆ ಕಡೆ ಹೋದಾಗಲೆಲ್ಲ, ಮೂರು ಕಂದೀಲಿನ ಬೆಳಕೇ ಒಂದು ಚೌಕಕ್ಕೆ ಹೆಸರಾಗುವಷ್ಟು ದೊಡ್ಡ ಸಂಗತಿಯಾಗಿದ್ದ ಕಾಲವೂ ಇತ್ತಲ್ಲ ಎನಿಸಿ ನಗು ಬರುತ್ತದೆ.

ಆ ಕಾಲವನ್ನು ಕಂಡವಳು ನನ್ನ ಅವ್ವ. ಆಕೆ ಹುಟ್ಟಿದ್ದು ಮಾನ್ವಿಯಲ್ಲಿ, ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ. ಸಂಜೆಯಾಗುತ್ತಲೇ ಕಂದೀಲಿನ ಗಾಜಿಗೆ ಬೂದಿ ಹಚ್ಚಿ ಒರೆಸುವುದು ಮನೆಯ ಹೆಣ್ಣುಮಕ್ಕಳ ಕೆಲಸ. ಸಣ್ಣ ಕೈಗಳೇ ಗಾಜಿನೊಳಗೆ ಹೋಗುತ್ತಿದ್ದುದರಿಂದ ಆ ಕೆಲಸ ಅವ್ವನಿಗೂ ಆಕೆಯ ತಂಗಿಗೂ, ಅಂದರೆ ನನ್ನ ಚಿಗವ್ವನಿಗೂ, ಬರುತ್ತಿತ್ತು. "ಗಾಜು ಒಡದ್ರ ಬೈಗುಳ, ಒಡೀದಿದ್ರ ಮಸಿ," ಎಂದು ಅವ್ವ ಆ ದಿನಗಳನ್ನು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದಳು.

ಅದೇ ನಾಡಿನ ದಕ್ಷಿಣದಲ್ಲಿ ಕಥೆ ಬೇರೆಯೇ ಇತ್ತು. 1902ರಲ್ಲಿಯೇ ಶಿವನಸಮುದ್ರದ ಕಾವೇರಿ ನೀರು ವಿದ್ಯುತ್ತಾಗಿ ಕೋಲಾರದ ಚಿನ್ನದ ಗಣಿಗೆ ಹರಿದಿತ್ತು. 1905ರಲ್ಲಿ ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬಂದಿತ್ತು. ನಾವು ಆಗ ಬೇರೆ ರಾಜ್ಯದವರು. 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು. 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟಾಯಿತು. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದಿತು. ಮರುವರ್ಷ, 1957ರಲ್ಲಿ, ಮೈಸೂರು ರಾಜ್ಯ ವಿದ್ಯುಚ್ಛಕ್ತಿ ಮಂಡಳಿ ಹುಟ್ಟಿತು. ಕಂಬ, ತಂತಿ, ಕಾಕಿ ಅಂಗಿಯ ಲೈನ್‌ಮನ್ ಇವರೆಲ್ಲ ನಮ್ಮ ಊರುಗಳಿಗೆ ಬಂದದ್ದು ಹೀಗೆ ನಿಧಾನವಾಗಿ.

ನಾವು ಹೆಂಗಸರು ಈ ಇತಿಹಾಸವನ್ನು ಕಂಬದವರೆಗೆ ಓದಿ ನಿಲ್ಲಿಸಿಬಿಡುತ್ತೇವೆ. ಆದರೆ ಕಂಬದಿಂದ ಅಡಿಗೆಮನೆಯವರೆಗಿನ ದಾರಿಗೂ ಒಂದು ಇತಿಹಾಸವಿದೆ. ಅದನ್ನು ಎಳೆದವರು ಯಾರು?

ಈ ಪ್ರಶ್ನೆಗೆ ಸರಕಾರ 1956ರಲ್ಲಿಯೇ ಉತ್ತರ ಬರೆದಿಟ್ಟಿತ್ತು. ಆ ವರ್ಷದ ಭಾರತೀಯ ವಿದ್ಯುತ್ ನಿಯಮಗಳ 45ನೆಯ ನಿಯಮದ ಪ್ರಕಾರ ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಬದಲಿಸುವಂಥ ಸಣ್ಣ ಕೆಲಸಗಳನ್ನು ಬಿಟ್ಟರೆ, ಮನೆಯ ವಾಯರಿಂಗನ್ನು ಪರವಾನಗಿ ಪಡೆದ ಗುತ್ತೇದಾರನೇ ಮಾಡಬೇಕು. ಅದೂ ಅರ್ಹತಾಪತ್ರವುಳ್ಳವನ ಮೇಲ್ವಿಚಾರಣೆಯಲ್ಲಿ. ನಾವು ಕನ್ನಡ ರಾಜ್ಯಕ್ಕೆ ಬಂದ ವರ್ಷವೇ ಈ ನಿಯಮವೂ ಬಂದಿತೆಂಬುದು ಕಾಕತಾಳೀಯ. ರಾಜ್ಯ ಬಂದದ್ದು ಎಲ್ಲರಿಗೂ ಗೊತ್ತಾಯಿತು. ನಿಯಮ ಬಂದದ್ದು ನಮ್ಮ ಓಣಿಯಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಗೊತ್ತಾಗದ್ದಕ್ಕೆ ಕೊಟ್ಟ ಬೆಲೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ. 1982ರ ಮಳೆಗಾಲ. ನಾನು ಪಿಯುಸಿಯಲ್ಲಿದ್ದೆ. ಮಾನ್ವಿಯ ನಮ್ಮ ಮನೆಯ ಹಿಂದಿನ ಮನೆಗೆ ಅದೇ ವರ್ಷ ಮದುವೆಯಾಗಿ ಬಂದ ಸೊಸೆ ನನಗಿಂತ ಎರಡು ವರ್ಷ ದೊಡ್ಡವಳಿದ್ದಾಳು, ಅಷ್ಟೆ. ಪಂಪು ರಿಪೇರಿ ಮಾಡುವ ಯಾರೋ ಒಬ್ಬರು ಅಗ್ಗಕ್ಕೆ ಸಿಕ್ಕರೆಂದು ಆ ಮನೆಯವರು ಅವರಿಂದಲೇ ವಾಯರಿಂಗ್ ಮಾಡಿಸಿದ್ದರು. ಹಿತ್ತಲಿನ ತಗಡಿನ ಅಂಚಿಗೆ ಬಲ್ಬಿನ ವಾಯರು ಉಜ್ಜಿ ಸಿಪ್ಪೆ ಹೋಗಿತ್ತು. ಆ ತಗಡಿಗೇ ಬಟ್ಟೆ ಒಣಗಿಸುವ ಕಬ್ಬಿಣದ ತಂತಿ ಕಟ್ಟಿದ್ದರು. ಹುಡುಗಿ ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ನಿಂತು ಒದ್ದೆ ಸೀರೆ ಹರವಿದಳು. ಅವಳ ಕೈಯ ಹಸಿರು ಬಳೆಗಳು ಇನ್ನೂ ಹೊಸವಿದ್ದವು.

ಜನ "ಕರೆಂಟು ಹೊಡೀತು" ಎಂದರು. ಹಣೆಬರಹ ಎಂದರು. ಎಷ್ಟೋ ವರ್ಷಗಳ ಮೇಲೆ ತಿಳಿದವರೊಬ್ಬರು ನನಗೆ ಬಿಡಿಸಿ ಹೇಳಿದರು: ಕರೆಂಟು ಭೂಮಿಗೆ ಹೋಗುವ ದಾರಿಯನ್ನು ಸದಾ ಹುಡುಕುತ್ತಿರುತ್ತದೆ. ಲೋಹದ ಭಾಗಗಳಿಗೆ ಅರ್ಥಿಂಗ್ ತಂತಿ ಕೊಟ್ಟಿದ್ದರೆ, ಸೋರಿದ ಕರೆಂಟು ಆ ಸುಲಭದ ದಾರಿಯಲ್ಲಿ ಭರದಿಂದ ಹರಿದು ಫ್ಯೂಸನ್ನು ಸುಟ್ಟು ತಾನೇ ನಿಲ್ಲುತ್ತದೆ. ಆ ದಾರಿ ಇಲ್ಲದಿದ್ದಾಗ ಮುಟ್ಟಿದವರ ಮೈಯೇ ದಾರಿಯಾಗುತ್ತದೆ. ಆ ಮನೆಯಲ್ಲಿ ಅರ್ಥಿಂಗ್ ಇರಲಿಲ್ಲ. ಫ್ಯೂಸಿನಲ್ಲಿ ಪದೇಪದೇ ಹೋಗಬಾರದೆಂದು ದಪ್ಪ ತಂತಿ ಸುತ್ತಿದ್ದರು. ಹಣೆಬರಹವನ್ನು ಬರೆದವನು ಬ್ರಹ್ಮನಲ್ಲ ಎಂದು ಅಂದು ನನಗೆ ಅರ್ಥವಾಯಿತು.

ಈ ನಡುವೆ ನಮ್ಮ ಜಿಲ್ಲೆಯ ಚಹರೆಯೇ ಬದಲಾಯಿತು. 1985ರಲ್ಲಿ ಕೃಷ್ಣೆಯ ದಡದ ಶಕ್ತಿನಗರದಲ್ಲಿ ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ ಶುರುವಾಯಿತು. ಅದು ಬೆಳೆದು ಎಂಟು ಘಟಕಗಳಾಗಿ 1,720 ಮೆಗಾವಾಟ್ ಮುಟ್ಟಿತು. ಆಮೇಲೆ ಯರಮರಸ್‌ನಲ್ಲಿ 800 ಮೆಗಾವಾಟಿನ ಇನ್ನೆರಡು ಘಟಕಗಳು ಎದ್ದವು. ನಾಡಿಗೆಲ್ಲ ಬೆಳಕು ಕಳಿಸುವ ಜಿಲ್ಲೆ ನಮ್ಮದು. ಆದರೆ ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆ ನಮ್ಮ ಹಳ್ಳಿಗಳನ್ನು ನೋಡಿಯೇ ಹುಟ್ಟಿತೇನೋ ಎಂಬಂತೆ, ಚಿಮಣಿ ಬುಡ್ಡಿಗಳು ಬಹಳ ಕಾಲ ಉಳಿದವು. ಬಡವರ ಗುಡಿಸಲಿಗೆ ಒಂದೇ ಬಲ್ಬು ಕೊಡುವ ಭಾಗ್ಯಜ್ಯೋತಿ ಅವುಗಳಲ್ಲಿ ಕೆಲವನ್ನು ಆರಿಸಿತು.

1999ರಲ್ಲಿ ಮಂಡಳಿ ನಿಗಮವಾಯಿತು. 2002ರ ಜೂನ್ 1ರಿಂದ ಹಂಚಿಕೆಯ ಕೆಲಸ ಕಂಪನಿಗಳಿಗೆ ಹೋಯಿತು. ನಮ್ಮ ಪಾಲಿಗೆ ಬಂದದ್ದು ಕಲಬುರಗಿಯ ಜೆಸ್ಕಾಂ. ಆದರೂ ನಮ್ಮ ಓಣಿಯ ಜನ ಈಗಲೂ ಕೆಇಬಿ ಎಂದೇ ಅನ್ನುತ್ತಾರೆ. 2003ರ ವಿದ್ಯುತ್ ಕಾಯ್ದೆ, ಕೇಳಿದವರಿಗೆ ಕರೆಂಟು ಕೊಡುವುದು ಕಂಪನಿಯ ಕರ್ತವ್ಯ ಎಂದಿತು. ಹೊಸ ಕಂಬ, ಹೊಸ ಟ್ರಾನ್ಸ್‌ಫಾರ್ಮರ್ ಬೇಕಾದಾಗ ಗ್ರಾಹಕರು ಆ ಕೆಲಸವನ್ನು ತಾವೇ ಪರವಾನಗಿಯುಳ್ಳ ಗುತ್ತೇದಾರನಿಂದ ಮಾಡಿಸಿಕೊಳ್ಳುವ ದಾರಿಯೂ ತೆರೆಯಿತು. ಕಂಪನಿ ಅಂದಾಜುಪಟ್ಟಿ ಮಂಜೂರು ಮಾಡುತ್ತದೆ. ಅದರ ಶೇಕಡಾ 10ರಷ್ಟು ಮೇಲ್ವಿಚಾರಣೆಯ ಶುಲ್ಕ ಕಟ್ಟಬೇಕು. ಕೆಲಸ ಮುಗಿದ ಮೇಲೆ ಆ ಕಂಬ ತಂತಿಗಳು ಕಂಪನಿಯ ಸ್ವತ್ತಾಗುತ್ತವೆ. ಆಯ್ಕೆ ನಮ್ಮ ಕೈಗೆ ಬಂತು. ಆಯ್ಕೆ ಬಂದಲ್ಲಿ ತಪ್ಪುವ ಭಯವೂ ಬರುತ್ತದಲ್ಲವೆ?

2008ರಲ್ಲಿ ಈ ಭಯ ದೇವದುರ್ಗದ ನನ್ನ ಚಿಗವ್ವನ ಪಾಲಿಗೆ ಬಂತು. ಕಾಕಾ ತೀರಿಕೊಂಡು ಎರಡು ವರ್ಷವಾಗಿತ್ತು. ಬಂದ ಅಷ್ಟಿಷ್ಟು ದುಡ್ಡಿನಲ್ಲಿ ಊರಂಚಿನ ಜಾಗದಲ್ಲಿ ಹಿಟ್ಟಿನ ಗಿರಣಿ ಹಾಕಬೇಕೆಂದು ಆಕೆ ಹಟ ಹಿಡಿದಳು. ಗಿರಣಿಗೆ ಮೂರು ಫೇಜು ಬೇಕು. ಅಲ್ಲಿಯವರೆಗೆ ನಾಲ್ಕು ಕಂಬ ಬೇಕು. ಮೂರು ಊರಿನಿಂದ ಮೂವರು ಬಂದರು. ರಾಯಚೂರಿನಿಂದ ಬಂದವರು ಮಾತಿನಲ್ಲಿ ಜೇನು. ಮಾನ್ವಿಯಿಂದ ಬಂದವರು ಮಾತೇ ಆಡದವರು, ಕೇಳಿದ್ದು ಎಂಟು ಸಾವಿರ ರೂಪಾಯಿ ಹೆಚ್ಚು. ಮೂರನೆಯವನು ದೇವದುರ್ಗದವನೇ, ಆಕೆಯ ಮೈದುನನ ಮಗ. ಕೈ ಚುರುಕು, ಕಾಗದವಿಲ್ಲ. "ಮನೀ ಹುಡುಗನ್ನ ಬಿಟ್ಟು ಹೊರಗಿನವ್ರಿಗೆ ರೊಕ್ಕ ಕೊಡ್ತಿಯೇನು?" ಎಂದು ಇಡೀ ಮನೆತನ ಕೇಳಿತು.

ಚಿಗವ್ವ ನನ್ನನ್ನು ಕರೆಸಿಕೊಂಡಳು. ರಾಯಚೂರಿನವರು ಬಂದಾಗ ಚಹಾ ಕೊಟ್ಟು, "ತಮ್ಮಾ, ನಿನ್ನ ಲೈಸೆನ್ಸ್ ತೋರ್ಸಪಾ," ಎಂದಳು.

"ಅಮ್ಮಾರ, ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡಾಕತ್ತೀನ್ರಿ."

"ಮಾಡಪಾ, ಬ್ಯಾಡನ್ನಂಗಿಲ್ಲ. ಕಾಗದ ತೋರ್ಸು."

ಅವರು ಜೆರಾಕ್ಸ್ ತೆಗೆದರು. ಇಂಗ್ಲಿಷಿನಲ್ಲಿದ್ದುದರಿಂದ ಚಿಗವ್ವ ನನ್ನತ್ತ ಚಾಚಿದಳು. "ಏನ್ ಬರದಾರ ಓದವ್ವ." ಹೆಸರು ಬೇರೆ ಯಾರದೋ. ಅವಧಿ ಮುಗಿದು ಎರಡು ವರ್ಷವಾಗಿತ್ತು. ಚಿಗವ್ವ ಜಗಳವಾಡಲಿಲ್ಲ, ಚಹಾದ ಕಪ್ಪು ತೆಗೆದುಕೊಂಡು ಒಳಗೆ ಹೋದಳು.

ಮಾನ್ವಿಯವರು ಕೇಳುವ ಮೊದಲೇ ಮೂಲ ಪರವಾನಗಿ ಮುಂದಿಟ್ಟರು. ಯಾವ ಕಂಪನಿಯ ವಾಯರು, ಎಷ್ಟು ದಪ್ಪ, ಐಎಸ್ಐ ಗುರುತು ಇದೆಯೋ ಇಲ್ಲವೋ, ಎಲ್ಲವನ್ನೂ ಬರೆದುಕೊಟ್ಟರು. ದುಡ್ಡನ್ನು ಮೂರು ಕಂತಿನಲ್ಲಿ, ಕೊನೆಯದನ್ನು ಮೀಟರು ತಿರುಗಿದ ಮೇಲೆ ಕೊಡಿ ಎಂದರು. ಕಂಪನಿಗೆ ಕಟ್ಟುವ ಹಣವನ್ನು ನೀವೇ ಕಟ್ಟಿ ರಸೀದಿ ಇಟ್ಟುಕೊಳ್ಳಿ, ನನ್ನ ಕೈಗೆ ಬೇಡ ಎಂದರು. ಚಿಗವ್ವ ಕೊನೆಗೊಂದು ಪ್ರಶ್ನೆ ಕೇಳಿದಳು. "ಅರ್ಥಿಂಗ್ ಹ್ಯಾಂಗ ಮಾಡ್ತಿ?" ಮಾನ್ವಿಯ ಆ ಹಸಿರು ಬಳೆಗಳನ್ನು ಆಕೆಯೂ ಮರೆತಿರಲಿಲ್ಲ. ಅವರು ಗುಂಡಿ ತೋಡಿ, ಪೈಪು ನಿಲ್ಲಿಸಿ, ಸುತ್ತ ಇದ್ದಿಲು ಉಪ್ಪು ತುಂಬಿಸುವ ಕ್ರಮ ಹೇಳಿ, "ಬ್ಯಾಸಗಿಯಾಗ ದಿನಾ ಒಂದು ಕೊಡ ನೀರು ಹಾಕ್ರಿ ಅಮ್ಮಾರ, ಎರಿ ಭೂಮಿ ಒಣಗಿ ಬಿರಕ್ ಬಿಟ್ರ ಅರ್ಥಿಂಗ್ ಕೆಲಸ ಮಾಡಂಗಿಲ್ಲ," ಎಂದರು. ಅಲ್ಲಿಗೆ ಆಯ್ಕೆ ಮುಗಿಯಿತು.

ಕೆಲಸವಾದ ಮೇಲೆ ಮೆಗ್ಗರ್ ಎಂಬ ಯಂತ್ರ ಹಚ್ಚಿ ವಾಯರಿನ ಹೊದಿಕೆ ಎಲ್ಲಿಯೂ ಸೋರುತ್ತಿಲ್ಲವೆಂದು ತೋರಿಸಿದರು. ಕಂಪ್ಲೀಷನ್ ರಿಪೋರ್ಟಿಗೆ ಚಿಗವ್ವ ಸಹಿ ಹಾಕಿದ್ದು ನಾನು ಅದನ್ನು ಪೂರಾ ಓದಿ ಹೇಳಿದ ಮೇಲೆಯೇ. ಆರ್.ಆರ್. ನಂಬರು ಬಂತು. ಅದರ ಮುಂದೆ ಚಿಗವ್ವನ ಹೆಸರು. ತವರಿನಲ್ಲಿ ಅಪ್ಪನ ಹೆಸರಿನ ಮೀಟರು, ಗಂಡನ ಮನೆಯಲ್ಲಿ ಮಾವನ ಹೆಸರಿನ ಮೀಟರು ನೋಡಿದ್ದ ಆಕೆ ಮೊದಲ ಬಿಲ್ಲನ್ನು ಕಟ್ಟುವ ಮುಂಚೆ ದೇವರ ಮುಂದಿಟ್ಟಳು.

ಈಗ ಕಾಲ ಇನ್ನಷ್ಟು ಸರಿದಿದೆ. 1956ರ ನಿಯಮಗಳ ಜಾಗದಲ್ಲಿ ಮೊದಲು 2010ರ, ಆಮೇಲೆ 2023ರ ಸುರಕ್ಷತಾ ನಿಯಮಗಳು ಬಂದಿವೆ. 2023ರಿಂದ ಗೃಹಜ್ಯೋತಿಯಡಿ ಮನೆಗಳಿಗೆ 200 ಯೂನಿಟ್‌ವರೆಗೆ ಉಚಿತ ಕರೆಂಟು ಸಿಗುತ್ತಿದೆ. 2024ರಲ್ಲಿ ತಿದ್ದುಪಡಿಯಾದ ಕೇಂದ್ರದ ನಿಯಮದಂತೆ, ಹೊಸ ಕಂಬ ತಂತಿ ಬೇಡವಾದ ಕಡೆ, ಅರ್ಜಿ ಪೂರ್ಣವಾಗಿದ್ದರೆ, ಮಹಾನಗರಗಳಲ್ಲಿ 3 ದಿನ, ನಮ್ಮಂಥ ಊರುಗಳಲ್ಲಿ 7 ದಿನ, ಹಳ್ಳಿಗಳಲ್ಲಿ 15 ದಿನಗಳೊಳಗೆ ಸಂಪರ್ಕ ಕೊಡಬೇಕು. ಕರೆಂಟು ಬೇಗ ಬರುತ್ತದೆ, ಪುಕ್ಕಟೆಯೂ ಬರುತ್ತದೆ. ಆದರೆ ಗೋಡೆಯೊಳಗಿನ ವಾಯರನ್ನು ಎಳೆದವರು ಯಾರು ಎಂಬ ಪ್ರಶ್ನೆಯನ್ನು ನಮ್ಮ ಪರವಾಗಿ ಇನ್ನಾರೂ ಕೇಳುವುದಿಲ್ಲ. ಹತ್ತು ಅಂಗಡಿ ತಿರುಗಿ ಸೀರೆ ಆರಿಸುವ ನಾವು, ಅಕ್ಕಿಯಲ್ಲಿ ಕಲ್ಲು ಹುಡುಕುವ ನಾವು, ಇದೊಂದನ್ನು ಗಂಡಸರ ಕೆಲಸವೆಂದು ಯಾಕೆ ಬಿಟ್ಟೆವೋ? ಒದ್ದೆ ಕೈಯಲ್ಲಿ ಸ್ವಿಚ್ಚು ಮುಟ್ಟುವವರು ನಾವೇ ತಾನೆ?

ಚಿಗವ್ವನ ಗಿರಣಿ ಈಗಲೂ ನಡೆಯುತ್ತಿದೆ. ಮೈದುನನ ಮಗ ಇವತ್ತಿಗೂ ಅದರ ಹೊಸ್ತಿಲು ತುಳಿದಿಲ್ಲ. ಆ ನೋವು ಆಕೆಗಿದೆ. ಅವನ ಹೆಂಡತಿ ಮಾತ್ರ ವಾರಕ್ಕೊಮ್ಮೆ ಜೋಳ ಬೀಸಿಸಲು ಬರುತ್ತಾಳೆ. ಹಿಟ್ಟು ಆರುವವರೆಗೆ ಇಬ್ಬರೂ ಕುಳಿತು ಮಾತಾಡುತ್ತಾರೆ. ಬೇಸಗೆಯಾಗಿದ್ದರೆ, ಹೋಗುವ ಮುಂಚೆ ಆ ಹುಡುಗಿಯೇ ಹಿತ್ತಲಿಗೆ ಹೋಗಿ ಅರ್ಥಿಂಗ್ ಗುಂಡಿಗೆ ಒಂದು ಕೊಡ ನೀರು ಹಾಕಿ ಬರುತ್ತಾಳೆ.