ಕೋವಿಯ ಬಾಯಳತೆ

ಕೋವಿಯೊಂದರ ಬಾಯಿ ಎಷ್ಟು ಅಗಲವಾಗಿರಬೇಕು ಎಂಬ ಪ್ರಶ್ನೆ ಕಮ್ಮಾರನಿಗೂ ಬೇಟೆಗಾರನಿಗೂ ಮಾತ್ರ ಸೇರಿದುದೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಈ ಅಳತೆಯನ್ನು ಒಂದೊಂದು ಕಾಲದಲ್ಲಿ ಒಂದೊಂದು ಕಾರಣವು ನಿರ್ಣಯಿಸಿದೆ: ಒಮ್ಮೆ ಕೋಟೆಯ ರಕ್ಷಣೆ, ಒಮ್ಮೆ ಆಳುವವರ ಭೀತಿ, ಒಮ್ಮೆ ಕೇವಲ ಗುರಿಯ ಮೇಲಿನ ಆಸಕ್ತಿ. ಒಂದು ಸಲಕ್ಕೆ ಒಂದೇ ಗುಂಡನ್ನು ಹಾರಿಸುವ, ಒಂದೇ ಈಡಿನ ಕೋವಿಯ ವಿಷಯದಲ್ಲಿ ಇದು ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಏಕೆಂದರೆ ಅದನ್ನು ಹಿಡಿದವನಿಗೆ ತಪ್ಪನ್ನು ತಿದ್ದಿಕೊಳ್ಳಲು ಕೂಡಲೆ ಎರಡನೆಯ ಗುಂಡಿಲ್ಲ.

ನಿಡುಗಲ್ಲು ಸೀಮೆಯು ಈ ವಿಚಾರಕ್ಕೆ ಒಳ್ಳೆಯ ಆರಂಭಸ್ಥಾನ. ಹೆಂಜೇರು, ಎಂದರೆ ಈಗ ಆಂಧ್ರಪ್ರದೇಶಕ್ಕೆ ಸೇರಿರುವ ಹೇಮಾವತಿಯನ್ನು ರಾಜಧಾನಿಯಾಗಿ ಮಾಡಿಕೊಂಡಿದ್ದ ನಿಡುಗಲ್ಲಿನ ಚೋಳರ ಕಾಲದಲ್ಲಿ ಇಲ್ಲಿ ಬಿಲ್ಲು ಬಾಣಗಳೇ ದೂರದ ಆಯುಧಗಳಾಗಿದ್ದವು. ವಿಜಯನಗರದ ತರುವಾಯ ಪಾಳೆಯಗಾರರು ತಲೆಯೆತ್ತಿದರು. ಕ್ರಿ. ಶ. ೧೬೩೮ರಲ್ಲಿ ಬಿಜಾಪುರದ ರಣದುಲ್ಲಾಖಾನನು ಸಿರಾವನ್ನು ತೆಗೆದುಕೊಂಡನು. ೧೬೮೭ರಲ್ಲಿ ಮೊಗಲರು ಅದನ್ನು ಒಂದು ಸುಬಾದ ಮುಖ್ಯಸ್ಥಾನವನ್ನಾಗಿ ಮಾಡಿದರು. ೧೭೬೧ರಲ್ಲಿ ಅದು ಹೈದರಾಲಿಯ ಕೈಸೇರಿತು. ಹೀಗೆ ಒಡೆಯರು ಬದಲಾಗುತ್ತಿದ್ದ ನಾಡಿನಲ್ಲಿ ನಿಡುಗಲ್ಲು, ಪಾವಗಡ, ಮಧುಗಿರಿ, ಚನ್ನರಾಯನದುರ್ಗಗಳಂತಹ ಬೆಟ್ಟದ ಕೋಟೆಗಳೇ ಆಶ್ರಯವಾಗಿದ್ದವು. ಕೋಟೆಯ ಕಾವಲಿಗೆ ಬತ್ತಿಯ ಕೋವಿಯು ಅವಶ್ಯಕವಾಗಿದ್ದಿತು.

ಕಬ್ಬಿಣಕ್ಕೆ ಈ ಸೀಮೆಯಲ್ಲಿ ಕೊರತೆಯಿರಲಿಲ್ಲ. ೧೮೦೦ರಲ್ಲಿ ಈ ಮಾರ್ಗವಾಗಿ ಸಂಚರಿಸಿದ ಡಾಕ್ಟರ್ ಫ್ರಾನ್ಸಿಸ್ ಬುಕಾನನ್ನನು, ಮಳೆಯ ನೀರು ಬೆಟ್ಟಗಳಿಂದ ಕೊಚ್ಚಿ ತರುತ್ತಿದ್ದ ಕಪ್ಪು ಮರಳನ್ನು ಕರಗಿಸಿ ಕಬ್ಬಿಣವನ್ನು ತೆಗೆಯುತ್ತಿದ್ದುದನ್ನೂ, ಅದರಿಂದ ಉಕ್ಕನ್ನು ಮಾಡುತ್ತಿದ್ದುದನ್ನೂ ವಿವರವಾಗಿ ಬರೆದಿಟ್ಟಿದ್ದಾನೆ. ಕೈಯಿಂದ ಮಾಡಿದ ಕೋವಿಗಳಲ್ಲಿ ಒಂದರ ನಳಿಗೆಯು ಮತ್ತೊಂದರದನ್ನು ಹೋಲುತ್ತಿರಲಿಲ್ಲ. ಆದುದರಿಂದ ಪ್ರತಿ ಕೋವಿಗೂ ಅದರದೇ ಆದ ಗುಂಡಿನ ಅಚ್ಚು ಬೇಕಾಗುತ್ತಿದ್ದಿತು. ಅಚ್ಚನ್ನು ಕಳೆದುಕೊಂಡವನಿಗೆ ಕೋವಿಯಿದ್ದೂ ಇಲ್ಲದಂತೆಯೇ.

ಸಂಸ್ಕೃತ ಗ್ರಂಥಗಳಲ್ಲಿ ಈ ವಿಷಯವನ್ನು ನೇರವಾಗಿ ಹೇಳುವುದು ಶುಕ್ರನೀತಿಸಾರ. ೧೮೮೨ರಲ್ಲಿ ಮದರಾಸಿನಲ್ಲಿ ಗುಸ್ತಾವ್ ಓಪ್ಪರ್ಟ್ ಎಂಬ ಪಂಡಿತರು ಇದನ್ನು ಅಚ್ಚುಹಾಕಿಸಿದರು. ಅದರಲ್ಲಿ ನಾಲಿಕಗಳು ಬೃಹತ್ತೆಂದೂ ಕ್ಷುದ್ರವೆಂದೂ ಎರಡು ವಿಧ. ಕಾಲಾಳು ಹಿಡಿಯುವ ಸಣ್ಣ ನಾಲಿಕಕ್ಕೆ ಐದು ಗೇಣಿನ ನಳಿಗೆ; ಬುಡದಲ್ಲಿಯೂ ತುದಿಯಲ್ಲಿಯೂ ಗುರಿ ನೋಡಲು ಎಳ್ಳಿನಷ್ಟು ಗಾತ್ರದ ಬಿಂದುಗಳು; ಒಳಗಿನ ರಂಧ್ರವು ನಡುಬೆರಳಿನ ದಪ್ಪ. ಮದ್ದಿಗೆ ಐದು ಪಾಲು ಉಪ್ಪು, ಒಂದು ಪಾಲು ಗಂಧಕ, ಒಂದು ಪಾಲು ಇದ್ದಿಲು. ಆ ಇದ್ದಿಲಾದರೋ ಎಕ್ಕ, ಕಳ್ಳಿ ಮೊದಲಾದವುಗಳದು. ಪಾವಗಡದ ಒಣಭೂಮಿಯಲ್ಲಿ ಇವೆರಡಕ್ಕೂ ಎಂದೂ ಬರಗಾಲವಿಲ್ಲ! ಈ ಭಾಗವು ಪ್ರಾಚೀನವಲ್ಲವೆಂದೂ, ಕೋವಿಯು ನಮ್ಮ ದೇಶದಲ್ಲಿ ಬಳಕೆಗೆ ಬಂದ ಮೇಲೆಯೇ ರಚಿತವಾಗಿರಬೇಕೆಂದೂ ವಿಮರ್ಶಕರ ಮತ. ಅದು ಹಾಗಿದ್ದರೂ ಅಳತೆಯು ಲೋಕಾನುಭವಕ್ಕೆ ವಿರುದ್ಧವಾಗಿಲ್ಲ. ಈಸ್ಟ್ ಇಂಡಿಯಾ ಕಂಪೆನಿಯ ಸಿಪಾಯಿಯು ಹಿಡಿಯುತ್ತಿದ್ದ ಕೋವಿಯ ಬಾಯಿ ಮುಕ್ಕಾಲು ಇಂಚು. ನಡುಬೆರಳಿನ ದಪ್ಪಕ್ಕೂ ಅದಕ್ಕೂ ಹೆಚ್ಚು ಅಂತರವಿಲ್ಲ.

ಶುಕ್ರನೀತಿಯ ಸೂತ್ರವು ಇಷ್ಟು: ನಳಿಗೆಯ ಮೈ ದಪ್ಪವಾದಷ್ಟೂ, ರಂಧ್ರವು ಅಗಲವಾದಷ್ಟೂ, ಗುಂಡು ದೊಡ್ಡದಾದಷ್ಟೂ ಅದು ದೂರವನ್ನು ಭೇದಿಸುತ್ತದೆ. ಕೋಟೆಯ ಗೋಡೆಯ ಮೇಲೆ ಊರಿ ಹಾರಿಸುವ ದೊಡ್ಡ ಕೋವಿಗೆ ಇದು ಸರಿಯಾದ ಮಾತೇ. ಆದರೆ ಇದಕ್ಕೆ ತೆರಬೇಕಾದ ಬೆಲೆಯನ್ನು ಗಣಿತವು ಹೇಳುತ್ತದೆ. ಬಾಯಿಯ ಅಗಲವು ಎರಡರಷ್ಟಾದರೆ ಗುಂಡಿನ ತೂಕವು ಎರಡರಷ್ಟಲ್ಲ, ಎಂಟರಷ್ಟಾಗುತ್ತದೆ. ಅದಕ್ಕೆ ತಕ್ಕಂತೆ ಮದ್ದು ಹೆಚ್ಚಬೇಕು. ಮದ್ದು ಹೆಚ್ಚಿದರೆ ನಳಿಗೆಯ ಮೈ ದಪ್ಪವಾಗಬೇಕು. ಇಲ್ಲದಿದ್ದರೆ ಒದೆತವು ಹಾರಿಸುವವನ ಭುಜವನ್ನೇ ಮುರಿದೀತು.

ಇಂಗ್ಲಿಷರು ಬಾಯಳತೆಯನ್ನು ಹೆಸರಿಸಿದ ಕ್ರಮವೂ ಈ ತೂಕದಿಂದಲೇ ಹುಟ್ಟಿದುದು. ಒಂದು ಪೌಂಡು ಸೀಸದಿಂದ ಆ ನಳಿಗೆಗೆ ಒಪ್ಪುವ ಗುಂಡುಗಳು ಹನ್ನೆರಡಾದರೆ ಅದು ಹನ್ನೆರಡರ ಕೋವಿ; ಹದಿನಾರಾದರೆ ಹದಿನಾರರದು. ಆದುದರಿಂದಲೇ ಅಂಕಿ ಏರಿದಂತೆ ಬಾಯಿ ಕಿರಿದಾಗುತ್ತದೆ. ಇಂದಿಗೂ ಹಳ್ಳಿಗಳಲ್ಲಿ ಕೇಳಿಬರುವ 'ಟ್ವೆಲ್ವ್ ಬೋರ್' ಎಂಬ ಮಾತಿನ ಮೂಲವಿದು. ಅದರ ಬಾಯಿ ೦.೭೨೯ ಇಂಚು, ಗುಂಡಿನ ತೂಕ ಸುಮಾರು ೩೮ ಗ್ರಾಂ.

ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣದ ಕಾರ್ಖಾನೆಗಳಲ್ಲಿ ಹುಲಿಪಟ್ಟೆಯ ಚಿತ್ರಣವುಳ್ಳ ಚಕಮಕಿ ಕೋವಿಗಳು ತಯಾರಾದವು. ಕಿಡಿ ಹುಟ್ಟುವ ಕ್ರಮವು ಸುಧಾರಿಸಿದರೂ ನುಣುಪಾದ ನಳಿಗೆಯ ದೋಷವು ಯಾರ ಕೋವಿಯಲ್ಲಿಯೂ ಹೋಗಿರಲಿಲ್ಲ. ಕಪ್ಪು ಮದ್ದಿನ ಮಸಿಯು ನಳಿಗೆಯಲ್ಲಿ ಕಟ್ಟಿಕೊಳ್ಳುವುದರಿಂದ ಗುಂಡನ್ನು ಬಾಯಿಗಿಂತ ಚಿಕ್ಕದಾಗಿ ಎರಕಹೊಯ್ಯಬೇಕಾಗಿದ್ದಿತು. ಅಂತಹ ಗುಂಡು ನಳಿಗೆಯ ಗೋಡೆಗಳಿಗೆ ಬಡಿಯುತ್ತ ಹೊರಬೀಳುವುದು. ಕೊನೆಯ ಬಡಿತವು ಯಾವ ಕಡೆಗೋ ಗುಂಡು ಆ ಕಡೆಗೆ. ಇಂತಹ ಕೋವಿಯಿಂದ ಒಬ್ಬನು ಒಬ್ಬನಿಗೆ ಗುರಿಯಿಡುವುದಕ್ಕಿಂತ ನೂರು ಮಂದಿ ಒಟ್ಟಾಗಿ ಒಂದು ದಿಕ್ಕಿಗೆ ಹಾರಿಸುವುದೇ ಯುದ್ಧನೀತಿಯಾಗಿದ್ದುದರಲ್ಲಿ ಆಶ್ಚರ್ಯವಿಲ್ಲ.

ಗುರಿಯ ವಿದ್ಯೆಗೆ ದಾರಿ ತೆರೆದುದು ನಳಿಗೆಯ ಒಳಮೈಯಲ್ಲಿ ತಿರುಪಿನಂತೆ ಕೊರೆದ ಗೀರು. ಬುಗುರಿಯು ತಿರುಗುತ್ತಿರುವವರೆಗೆ ನೆಟ್ಟಗೆ ನಿಲ್ಲುವಂತೆ, ಗೀರುಗಳಿಂದ ತಿರುಗುತ್ತ ಹೊರಟ ಗುಂಡು ತನ್ನ ದಾರಿಯನ್ನು ಬಿಡುವುದಿಲ್ಲ. ೧೮೫೩ರ ಎನ್‌ಫೀಲ್ಡ್ ರೈಫಲಿನ ಬಾಯಿ ೦.೫೭೭ ಇಂಚು. ಇದಕ್ಕಿಂತ ಉತ್ತಮವಾದ ಅಳತೆ ಯಾವುದೆಂದು ಪರೀಕ್ಷಿಸಲು ಬ್ರಿಟಿಷ್ ಸರಕಾರವು ಮ್ಯಾಂಚೆಸ್ಟರಿನ ಯಂತ್ರಶಿಲ್ಪಿ ಜೋಸೆಫ್ ವಿಟ್‌ವರ್ತನನ್ನು ನಿಯೋಜಿಸಿತು. ಆತನು ಪ್ರಯೋಗಗಳ ಮೇಲೆ ಪ್ರಯೋಗಗಳನ್ನು ನಡೆಸಿ ೦.೪೫೧ ಇಂಚನ್ನು ಆರಿಸಿದನು. ಗುಂಡಿನ ತೂಕವನ್ನು ಹೆಚ್ಚಾಗಿ ಇಳಿಸದೆ ಅದನ್ನು ಸಪೂರವಾಗಿಯೂ ಉದ್ದವಾಗಿಯೂ ಮಾಡಿದನು. ಎನ್‌ಫೀಲ್ಡಿನ ಗೀರು ೭೮ ಇಂಚಿಗೆ ಒಂದು ಸುತ್ತು ಸುತ್ತಿದರೆ ಈತನದು ೨೦ ಇಂಚಿಗೆ ಒಂದು ಸುತ್ತು. ಸಪೂರವಾದ ಗುಂಡನ್ನು ಗಾಳಿಯು ಕಡಮೆ ತಡೆಯುತ್ತದೆ. ಬಿರುಸಾದ ತಿರುಗಾಟವು ಉದ್ದವಾದ ಗುಂಡನ್ನು ತಲೆಕೆಳಗಾಗಲು ಬಿಡುವುದಿಲ್ಲ. ೧೮೫೭ರ ಪರೀಕ್ಷೆಯಲ್ಲಿ ಅದು ಎನ್‌ಫೀಲ್ಡನ್ನು ಬಹುವಾಗಿ ಮೀರಿಸಿತು. ಹೆಚ್ಚು ಬೆಲೆಯ ಕಾರಣದಿಂದಲೂ ಬೇಗನೆ ಮಸಿಗಟ್ಟುವ ಕಾರಣದಿಂದಲೂ ಸೇನೆಯು ಅದನ್ನು ಸ್ವೀಕರಿಸದಿದ್ದರೂ ಗುರಿಕಾರರು ಸ್ವೀಕರಿಸಿದರು. ಮುಂದೆ ೧೮೭೧ರಲ್ಲಿ ಸೇನೆಗೆ ಬಂದ ಮಾರ್ಟಿನಿ-ಹೆನ್ರಿ ಎಂಬ ಒಂದೇ ಈಡಿನ ರೈಫಲಿನ ಬಾಯಿಯೂ ೦.೪೫ ಇಂಚಿಗೆ ಇಳಿಯಿತು. ಅಗಲವೇ ಬಲವೆಂಬ ಶುಕ್ರನೀತಿಯ ಸೂತ್ರವು ಇಲ್ಲಿ ತಿರುವುಮುರುವಾಯಿತು.

ಆದರೆ ನಮ್ಮ ದೇಶದಲ್ಲಿ ಅಳತೆಯನ್ನು ಆರಿಸುವ ಅಧಿಕಾರವು ಗುರಿಕಾರನ ಕೈಯಲ್ಲಿ ಉಳಿಯಲಿಲ್ಲ. ೧೮೫೭ರಲ್ಲಿ ಸಿಪಾಯಿಗಳ ಅಸಮಾಧಾನಕ್ಕೆ ಕಿಡಿಯಿಟ್ಟುದು ಎನ್‌ಫೀಲ್ಡ್ ರೈಫಲಿನ ಕೊಬ್ಬು ಸವರಿದ ತೋಟಾ ಎಂಬುದು ಸರ್ವವಿದಿತ. ತರುವಾಯ ದೇಶೀಯ ಸಿಪಾಯಿಗಳಿಗಾಗಿ ಗೀರುಗಳಿಲ್ಲದ, ೦.೬೫೬ ಇಂಚಿನ ನುಣುಪು ನಳಿಗೆಯ ಕೋವಿಗಳನ್ನು ಮಾಡಿಸಿದರು. ನೋಟಕ್ಕೆ ಎನ್‌ಫೀಲ್ಡಿನಂತೆಯೇ; ಆದರೆ ಗುರಿಮುಟ್ಟುವ ಗುಣವನ್ನು ಬುದ್ಧಿಪೂರ್ವಕವಾಗಿ ತೆಗೆದುಹಾಕಲಾಗಿದ್ದಿತು. ೧೯೦೭ರಲ್ಲಿ ೦.೪೫೦ ಇಂಚಿನ ರೈಫಲುಗಳನ್ನು ಭಾರತಕ್ಕೆ ತರುವುದನ್ನು ನಿಷೇಧಿಸಿದರು. ಅವುಗಳ ಗುಂಡುಗಳು ದಂಗೆಯೆದ್ದವರ ಕೈಯಲ್ಲಿದ್ದ ಹಳೆಯ ಮಾರ್ಟಿನಿಗಳಿಗೆ ಒದಗೀತೆಂಬ ಭಯವೇ ಇದಕ್ಕೆ ಕಾರಣ. ಇಂಗ್ಲೆಂಡಿನ ಕೋವಿಗಾರರು ಆ ನಿಷೇಧವನ್ನು ತಪ್ಪಿಸಿಕೊಳ್ಳಲು ೦.೪೭೦ ಮುಂತಾದ ಹೊಸ ಅಳತೆಗಳನ್ನು ಕಲ್ಪಿಸಬೇಕಾಯಿತು. ಮೊದಲನೆಯ ಮಹಾಯುದ್ಧದ ಬಳಿಕ ಈಷಾಪುರದ ಕಾರ್ಖಾನೆಯಲ್ಲಿ ೦.೩೦೩ ರೈಫಲುಗಳ ಗೀರನ್ನು ಕೊರೆದುಹಾಕಿ, ಅವುಗಳನ್ನು ೦.೪೧೦ ಇಂಚಿನ, ಒಂದೇ ಈಡಿನ ಕಾವಲುಕೋವಿಗಳನ್ನಾಗಿ ಮಾರ್ಪಡಿಸಿದರು. ಸ್ವತಂತ್ರ ಭಾರತದ ೧೯೫೯ರ ಆಯುಧ ಶಾಸನದಲ್ಲಿಯೂ ನಿಷಿದ್ಧ ಅಳತೆ, ಅನಿಷಿದ್ಧ ಅಳತೆ ಎಂಬ ಭೇದವು ಉಳಿದುಬಂದಿದೆ. ಅದು ಪ್ರಜೆಗಳ ಕ್ಷೇಮಕ್ಕಾಗಿ ಎಂಬುದು ನಿಜ. ಆದರೂ ಸೇನೆಯ ಗುಂಡು ಒಪ್ಪದಿರಲೆಂಬ ಕಾರಣಕ್ಕೆ ಸಾಮಾನ್ಯನಿಗೆ ೦.೩೦೩ ತಪ್ಪಿ ೦.೩೧೫ ದೊರಕುವುದರಲ್ಲಿ ಆ ಹಳೆಯ ಯೋಚನೆಯ ನೆರಳನ್ನು ಗುರುತಿಸಬಹುದು.

ಈ ಶಂಕೆಯ ಇತಿಹಾಸಕ್ಕೆ ಕನ್ನಡ ನಾಡಿನಲ್ಲಿಯೇ ಒಂದು ಅಪವಾದವುಂಟು. ಮೈಸೂರು, ಕೊಡಗುಗಳ ಕಮಿಷನರಾಗಿದ್ದ ಸರ್ ಮಾರ್ಕ್ ಕಬ್ಬನ್ನರು ೧೮೬೧ರಲ್ಲಿ ಆಯುಧ ತೆಗೆಸುವ ಶಾಸನವು ಕೊಡಗಿಗೆ ಅನ್ವಯಿಸುವುದಿಲ್ಲವೆಂದು ಸಾರಿದರು. ಕೈಲ್‌ಪೊಳ್ದಿನ ಹಬ್ಬದಲ್ಲಿ ಕೊಡವರು ಕೋವಿಗಳನ್ನು ದೇವರ ಮುಂದಿಟ್ಟು, ತೋಕ್‌ಪೂ ಎಂದು ಕರೆಯುವ ಹೂವಿನಿಂದ ಅಲಂಕರಿಸಿ ಪೂಜಿಸುತ್ತಾರೆ; ತೋಕ್ ಎಂದರೆ ಕೋವಿಯೇ. ಬಳಿಕ ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಈಗ ಆ ಪಂದ್ಯಗಳಲ್ಲಿ ಹನ್ನೆರಡರ ಕೋವಿಗೂ ೦.೨೨ ರೈಫಲಿಗೂ ಬೇರೆ ಬೇರೆ ವಿಭಾಗಗಳಿರುವುದು ಸಾಮಾನ್ಯ. ಅದು ನ್ಯಾಯವೂ ಹೌದು. ದೊಡ್ಡ ಗುಂಡು ಕಾಯಿಯ ಅಂಚನ್ನು ತಾಗಿದರೂ ಚೂರು ಹಾರೀತು. ಸಣ್ಣ ಗುಂಡಿಗೆ ನಡುವೇ ಬೇಕು.

ಗುರಿಗಾಗಿ ಮಾತ್ರ ಕೋವಿಯನ್ನು ಹಿಡಿಯುವವನು ಯಾವ ಅಳತೆಯನ್ನು ಆರಿಸಬೇಕೆಂಬುದಕ್ಕೆ ಉತ್ತರವು ಇಲ್ಲಿಯೇ ಇದೆ. ಗೋಡೆಯನ್ನು ಭೇದಿಸಬೇಕಾದವನಿಗೂ ಕಾಡುಮೃಗವನ್ನು ಕೆಡಹಬೇಕಾದವನಿಗೂ ಅಗಲವು ಅವಶ್ಯಕ. ಕಾಗದದ ಮೇಲಿನ ಚುಕ್ಕೆಗೆ ಅದರ ಹಂಗಿಲ್ಲ. ದೂರವನ್ನು ಮುಟ್ಟುವಷ್ಟು ಗುಂಡು, ಕಣ್ಣು ಮುಚ್ಚಿಸದಷ್ಟು ಸದ್ದು, ಭುಜವನ್ನು ಅಂಜಿಸದಷ್ಟು ಒದೆತ, ದಿನವೂ ಅಭ್ಯಾಸಮಾಡಲು ಕೈಗೆಟುಕುವಷ್ಟು ವೆಚ್ಚ: ಇಷ್ಟೇ ಅದರ ಲಕ್ಷಣ. ೦.೨೨ರ ಗುಂಡು ೨.೬ ಗ್ರಾಂ ಮಾತ್ರ. ಹನ್ನೆರಡರ ಗುಂಡಿನ ಸುಮಾರು ಹದಿನೈದನೆಯ ಒಂದು ಪಾಲು. ಎನ್.ಸಿ.ಸಿ. ಸೇರಿದ ವಿದ್ಯಾರ್ಥಿಗಳು ಮೊದಲು ಕಲಿಯುವುದು ಇದರಲ್ಲಿಯೇ. ಒಲಿಂಪಿಕ್ ಪಂದ್ಯದಲ್ಲಿ ೫೦ ಮೀಟರ್ ದೂರದಲ್ಲಿ ಈ ಗುಂಡಿನಿಂದ ಮುಟ್ಟಬೇಕಾದ ಹತ್ತರ ವೃತ್ತವು ೧೦.೪ ಮಿಲಿಮೀಟರ್ ಅಗಲ. ಕೋವಿಯಾದರೋ ಒಂದು ಸಲಕ್ಕೆ ಒಂದೇ ಗುಂಡನ್ನು ತುಂಬತಕ್ಕದ್ದು. ಈ ೫೦ ಮೀಟರಿನ ಸ್ಪರ್ಧೆಯಲ್ಲಿ ೨೦೨೪ರಲ್ಲಿ ಸ್ವಪ್ನಿಲ್ ಕುಸಾಳೆ ಕಂಚಿನ ಪದಕವನ್ನು ಗಳಿಸಿದರು. ೨೦೦೮ರಲ್ಲಿ ಅಭಿನವ್ ಬಿಂದ್ರಾ ಭಾರತಕ್ಕೆ ಚಿನ್ನವನ್ನು ತಂದುದು ಇನ್ನೂ ಕಿರಿದಾದ, ೪.೫ ಮಿಲಿಮೀಟರಿನ ಗಾಳಿಕೋವಿಯಿಂದ. ಅದರ ಗುಂಡು ಅರ್ಧ ಗ್ರಾಮಿನಷ್ಟು.

ಸಿರಾದ ಸುಬಾ ಹೋಯಿತು, ಪಾಳೆಯಪಟ್ಟುಗಳು ಹೋದವು. ಅಗಲಬಾಯಿಯ ಕೋವಿಗಳು ನಿಡುಗಲ್ಲನ್ನಾಗಲಿ ಮಧುಗಿರಿಯನ್ನಾಗಲಿ ಅವುಗಳ ಒಡೆಯರಿಗೆ ಉಳಿಸಿಕೊಡಲಿಲ್ಲ. ಕೋವಿಯ ಬಾಯಿ ಹಿಗ್ಗಿದುದು ಪರರನ್ನು ಗೆಲ್ಲುವುದಕ್ಕಾಗಿ. ಅದರ ಗುಣವನ್ನು ಕೆಡಿಸಿದುದು ಪರರ ಮೇಲಿನ ಅವಿಶ್ವಾಸದಿಂದ. ತನ್ನ ಕೈಯನ್ನೂ ಕಣ್ಣನ್ನೂ ಉಸಿರನ್ನೂ ಗೆಲ್ಲಬೇಕಾದವನಿಗೆ ಕಿರಿದಾದ ಬಾಯಿಯೇ ಸಾಕು. ಅಲ್ಲಿ ಗುಂಡಿನ ಗಾತ್ರವು ಗುರಿಕಾರನ ಲೋಪವನ್ನು ಮುಚ್ಚಿಡಲಾರದು.